ಬಟ್ಟೆ ಸಾಲಲಿಲ್ಲ ಎಂಬ ಸುಳ್ಳು

ಹೊಲಿಗೆಯವರಿಗೆ ಎರಡು ಸುಳ್ಳುಗಳು ಸೂಜಿ ದಾರದಷ್ಟೇ ಅಗತ್ಯ. ಒಂದು, "ನಾಳೆ ಬನ್ನಿ, ಆಗಿರ್ತದೆ." ಇನ್ನೊಂದು, "ಬಟ್ಟೆ ಸಾಲ್ಲಿಲ್ಲ." ಕೊಪ್ಪದಲ್ಲಿ ಒಂದು ಕೋಣೆಯ ಅಂಗಡಿ ಇಟ್ಟುಕೊಂಡು ಹೆಂಗಸರ ರವಿಕೆ ಹೊಲಿಯುತ್ತಿದ್ದ ನಾನು ಎರಡನ್ನೂ ಧಾರಾಳವಾಗಿ ಬಳಸಿದವಳು. ಮೊದಲನೆಯದನ್ನು ಯಾರೂ ನಂಬುತ್ತಿರಲಿಲ್ಲ, ಹಾಗಾಗಿ ಅದರಿಂದ ಯಾರಿಗೂ ಕೇಡಿರಲಿಲ್ಲ. ಎರಡನೆಯದನ್ನು ಎಲ್ಲರೂ ನಂಬುತ್ತಿದ್ದರು.

ಹಾಗಂತ ನಾನು ಭಕ್ತಿ ಇಲ್ಲದವಳಲ್ಲ. ಭಾನುವಾರದ ಪೂಜೆ ತಪ್ಪಿಸಿದವಳಲ್ಲ. ನಿಮ್ಮ ಮಾತು ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂದಿರಲಿ ಎಂಬ ಯೇಸುಸ್ವಾಮಿಯ ಮಾತು ನನಗೆ ಬಾಯಿಪಾಠ. ಆಗಾಗ ಪಾಪನಿವೇದನೆಗೆ ಮಂಡಿಯೂರಿ "ಸುಳ್ಳು ಹೇಳಿದ್ದೇನೆ ಫಾದರ್" ಎಂದು ಒಪ್ಪಿಸಿ, ಪ್ರಾಯಶ್ಚಿತ್ತಕ್ಕೆಂದು ಕೊಟ್ಟ ಮೂರು ನಮೋ ಮರಿಯ ಜಪ ಹೇಳಿ, ಹಗುರಾಗಿ ಮನೆಗೆ ಬರುತ್ತಿದ್ದೆ. ಯಾವ ಸುಳ್ಳು, ಯಾರಿಗೆ ಎಂದು ಯಾರೂ ಕೇಳಿರಲಿಲ್ಲ. ದೇವರಿಗೆ ಹೇಳುವುದು ಸುಲಭ. ದೇವರು ನನ್ನ ಅಂಗಡಿಯ ಗಿರಾಕಿಯಲ್ಲವಲ್ಲ.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷ ಆಗಿರಬಹುದು. ಶೃಂಗೇರಿ ಆಚೆಯ ನೆಮ್ಮಾರಿನಿಂದ ಒಬ್ಬಾಕೆ ರವಿಕೆಗೆಂದು ರೇಷ್ಮೆ ಬಟ್ಟೆ ತಂದಳು. ಗದ್ದೆ ತೋಟ ಇದ್ದ ಮನೆಯ ಸೊಸೆ. ತವರು ಕೊಪ್ಪವಾದ್ದರಿಂದ ಹೊಲಿಗೆಗೆ ನನ್ನಲ್ಲಿಗೇ ಬರುತ್ತಿದ್ದಳು. ಸೀತೂರಿಗೆ ಮದುವೆಯಾಗಿ ಹೋದ ಅವಳ ಅಕ್ಕ ಒಂದು ಸೀರೆ ಕೊಟ್ಟಿದ್ದಳಂತೆ. ಅದಕ್ಕೆ ಹೊಂದುವ ಬಟ್ಟೆಯನ್ನೂ ಅಕ್ಕನೇ ಎನ್.ಆರ್. ಪುರದಲ್ಲಿ ಅಂಗಡಿ ಅಂಗಡಿ ಅಲೆದು ತಂದಿದ್ದಳು. "ಪೂರ್ತಿ ಒಂದು ಮೀಟರ್ ಇದೆ ಬಾಯಮ್ಮ, ತೋಳು ಉದ್ದ ಇಡಿ" ಎಂದಳು. ನಮ್ಮ ಕ್ರಿಶ್ಚಿಯನ್ ಹೆಂಗಸರನ್ನು ಅವಳು ಕರೆಯುತ್ತಿದ್ದುದೇ ಹಾಗೆ.

ಆಕೆ ಕೊಟ್ಟ ಅಳತೆ ರವಿಕೆಯನ್ನು ನಾನು ಅದಲುಬದಲು ಮಾಡಿಬಿಟ್ಟೆ. ಯಾರೋ ಕಡ್ಡಿಯಂಥ ಹುಡುಗಿಯ ಅಳತೆ ಇಟ್ಟು ಕತ್ತರಿ ಆಡಿಸಿದ್ದೆ. ಗೊತ್ತಾದಾಗ ಕತ್ತರಿಯ ಮೇಲೆ ಸಿಟ್ಟು ಬಂತು, ಪಕ್ಕದಲ್ಲಿ ಕೂತು ಹರಟುತ್ತಿದ್ದ ನೆರೆಯವಳ ಮೇಲೆ ಬಂತು, ನನ್ನ ಮೇಲೆ ಮಾತ್ರ ಬರಲಿಲ್ಲ. ಕಂಕುಳ ಕೆಳಗೆ ಎರಡೂ ಕಡೆ ಬೇರೆ ಬಟ್ಟೆಯ ತುಂಡು ಕೂಡಿಸಿ ಹೊಲಿದೆ. ಆಕೆ ಬಂದಾಗ, "ಬಟ್ಟೆ ಸಾಲ್ಲಿಲ್ಲ. ಒಂದು ಮೀಟರ್ ಎಲ್ಲಿತ್ತು? ಮುಕ್ಕಾಲೂ ಇರ್ಲಿಲ್ಲ" ಎಂದೆ.

"ಅಕ್ಕ ಎದುರು ನಿಂತು ಅಳೆಸಿದ್ದೀನಿ ಅಂದಿದ್ಲು."

"ನಾನೆಂತಕ್ಕೆ ಸುಳ್ಳು ಹೇಳ್ಲಿ ಮಾರಾಯ್ತಿ?"

ಆಕೆಯ ಮುಖ ಸಣ್ಣಗಾಯಿತು. ಬೀಸುವ ದೊಣ್ಣೆ ತಪ್ಪಿತು ಎಂದು ನಾನು ನಿಟ್ಟುಸಿರು ಬಿಟ್ಟೆ.

ವರ್ಷ ಕಳೆದು ಮತ್ತೆ ಹೊಲಿಗೆಗೆ ಬಂದಾಗ, ಅಕ್ಕ ಹೇಗಿದ್ದಾಳೆ ಎಂದು ಮಾತಿಗೆ ಕೇಳಿದೆ. "ಯಾರಿಗೆ ಗೊತ್ತು? ನಾದಿನಿಗಾದ್ರೆ ಕೈ ಬಿಚ್ಚಿ ತರ್ತಾಳೆ. ಒಡಹುಟ್ಟಿದವಳಿಗೆ ತುಂಡು ಬಟ್ಟೆ ತಂದು ಮೀಟರ್ ಅಂತಾಳೆ. ಕೇಳಿದ್ದಕ್ಕೆ ಜಗಳ ಆಯ್ತು. ಮಾತು ಬಿಟ್ಟು ವರ್ಷ ಆಯ್ತು" ಎಂದಳು. ನಾನು ತಲೆ ತಗ್ಗಿಸಿ ಮಿಷನ್ ತುಳಿದೆ. ದಾರ ಎರಡು ಸಲ ಕಿತ್ತುಹೋಯಿತು.

ಈಸ್ಟರಿಗೆ ಮುಂಚಿನ ನಲವತ್ತು ದಿನ ನಮಗೆ ತಪಸ್ಸುಕಾಲ. ಆ ಸಲದ ಪಾಪನಿವೇದನೆಯಲ್ಲಿ ಮೊದಲ ಬಾರಿಗೆ ಇಡೀ ಕಥೆ ಹೇಳಿದೆ. ಮೂರರ ಬದಲು ಮೂವತ್ತು ನಮೋ ಮರಿಯ ಕೊಟ್ಟರೂ ಸರಿ ಎಂದು ಸಿದ್ಧಳಾಗಿಯೇ ಹೋಗಿದ್ದೆ. ಪಾದ್ರಿಗಳು ಒಂದನ್ನೂ ಕೊಡಲಿಲ್ಲ. "ಇಲ್ಲಿ ಹೇಳಿದ್ದನ್ನು ಆ ತಂಗಿಗೂ ಹೇಳಿ ಬನ್ನಿ. ಅದೇ ಪ್ರಾಯಶ್ಚಿತ್ತ" ಎಂದರು. ನನಗೆ ಮೈಯೆಲ್ಲ ಉರಿಯಿತು. ಇವರಿಗೇನು, ಅಂಗಡಿಯೇ, ಗಿರಾಕಿಯೇ? ಒಂದು ವಾರ ಮನಸ್ಸಿನಲ್ಲೇ ಅವರನ್ನು ಬೈದೆ. ಬೈದು ಮುಗಿದ ಮೇಲೂ ಅವರು ಹೇಳಿದ ಕೆಲಸ ಹಾಗೇ ಉಳಿದಿತ್ತು.

ಕಡೆಗೆ ಅದೇ ಬಣ್ಣದ ಒಂದು ಮೀಟರ್ ರೇಷ್ಮೆ ಬಟ್ಟೆ ಹುಡುಕಿ ತೆಗೆದುಕೊಂಡು ಬಸ್ಸು ಹತ್ತಿದೆ. ಶೃಂಗೇರಿಯಲ್ಲಿ ಇಳಿದು ನೆಮ್ಮಾರಿಗೆ ಇನ್ನೊಂದು ಬಸ್ಸು ಹಿಡಿದೆ. ಬಟ್ಟೆಯನ್ನಷ್ಟೇ ಕೊಟ್ಟು, ವಿಷಯ ಎತ್ತದೆ ವಾಪಸು ಬರುವ ಆಸೆಯೂ ಇತ್ತು ಅನ್ನಿ. ಆಕೆ ಕಾಫಿ ಕೊಟ್ಟು, ಬಟ್ಟೆ ಬಿಡಿಸಿ ನೋಡಿ, "ಇದೆಲ್ಲ ಎಂತಕ್ಕೆ ಬಾಯಮ್ಮ, ನೀವು ಬಂದಿದ್ದೇ ಖುಷಿ" ಎಂದು ನಕ್ಕಳು. ಆ ನಗು ಕಂಡ ಮೇಲೆ ಬಾಯಿ ಮುಚ್ಚಿ ಕೂರಲಾಗಲಿಲ್ಲ. ಅಳತೆ ತಪ್ಪಿಸಿದ್ದು ನಾನು, ಬಟ್ಟೆ ಪೂರ್ತಿ ಒಂದು ಮೀಟರ್ ಇತ್ತು, ನಿಮ್ಮಕ್ಕ ಹೇಳಿದ್ದೇ ನಿಜ ಎಂದುಬಿಟ್ಟೆ.

ಆಕೆ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. "ಚರ್ಚಿಗೆ ಹೋಗೋರು, ಸುಳ್ಳು ಹೇಳಲ್ಲ ಅಂತ ನಿಮ್ಮ ಮಾತು ನಂಬಿದೆ. ಅಕ್ಕ ಅತ್ತಳು ಬಾಯಮ್ಮ. ಆದ್ರೂ ನಿಮ್ಮನ್ನೇ ನಂಬಿದೆ" ಎಂದಳು.

ಕುತ್ತಿಗೆಯಲ್ಲಿ ಶಿಲುಬೆ ಹಾಕಿಕೊಂಡೇ ಅಷ್ಟು ವರ್ಷ ಕಳೆದಿದ್ದೆ. ಅದನ್ನು ನೋಡಿ ಜನ ನನ್ನ ಮಾತನ್ನು ಒಂದು ತೂಕ ಹೆಚ್ಚು ನಂಬುತ್ತಾರೆ, ಆ ನಂಬಿಕೆಯ ಮರೆಯಲ್ಲಿ ನಾನು ನನ್ನ ಕತ್ತರಿಯ ತಪ್ಪು ಮುಚ್ಚಿಕೊಳ್ಳುತ್ತಿದ್ದೇನೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದೆ.

ಆಕೆ ಎದ್ದು ಫೋನಿನ ನಂಬರ್ ಒತ್ತಿದಳು. ಆ ಕಡೆ ಎತ್ತಿದ್ದೇ ತಾನು ಮಾತಾಡದೆ ರಿಸೀವರನ್ನು ನನ್ನ ಕೈಗಿಟ್ಟಳು. "ಅಕ್ಕಂಗೆ ನೀವೇ ಹೇಳಿ. ನಂಗೆ ಮುಖ ಇಲ್ಲ."

ಸೀತೂರಿನ ಅಕ್ಕ ಮಧ್ಯೆ ಬಾಯಿ ಹಾಕದೆ ಎಲ್ಲ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ ಅಂದಳು: "ಆವತ್ತೂ ನೀವು ಹೇಳಿದ್ದನ್ನೇ ನಂಬಿದ್ಲು. ಇವತ್ತೂ ನೀವು ಹೇಳಿದ್ಮೇಲೇ ನಂಬಿದ್ಲು. ನಾನು ಹೇಳಿದ್ದನ್ನ ಯಾವತ್ತು ನಂಬ್ತಾಳೆ ಅಂತ ಅವಳನ್ನೇ ಕೇಳಿ."

ತಂಗಿ ನನ್ನ ಮುಖವನ್ನೇ ನೋಡುತ್ತಿದ್ದಳು. "ಎಂತ ಅಂದ್ಲು? ಬಾ ಅಂದ್ಲಾ?"

ಹೌದು, ಬಾ ಅಂದ್ಲು ಎನ್ನುವುದು ನಾಲಿಗೆಯ ತುದಿಗೇ ಬಂದಿತ್ತು. ಇಬ್ಬರನ್ನು ಒಂದು ಮಾಡುವ ಸುಳ್ಳು, ಅದಕ್ಕೂ ಪಾಪ ಎನ್ನುತ್ತಾರೆಯೇ? ತೇಪೆ ಹಾಕುವುದು ಬಿಟ್ಟರೆ ನನಗಾದರೂ ಇನ್ನೇನು ಗೊತ್ತಿತ್ತು? ಆದರೂ ಅಕ್ಕ ಹೇಳಿದ್ದನ್ನು ಒಂದಕ್ಷರ ಬಿಡದೆ ಹಾಗೇ ಹೇಳಿದೆ.

ಆಕೆಯ ಕಣ್ಣು ತುಂಬಿತು. ರಿಸೀವರನ್ನು ನನ್ನ ಕೈಯಿಂದ ಕಿತ್ತುಕೊಂಡು, "ಅಕ್ಕಾ, ಈಗ್ಲೇ ಬಸ್ಸಿಗೆ ಹೊರಟೆ. ಬೈಯೋದನ್ನೆಲ್ಲ ಎದುರಿಗೇ ಬೈ" ಅಂದಳು.