ಕುಲಾವಿ ಇಲ್ಲದ ಮಗು

ಮ್ಯೂಸಿಯಮ್ಮಿನಲ್ಲಿ ಚಪ್ಪಲಿ ಬಿಡಬಾರದು ಎಂದು ನನಗೆ ಯಾರೂ ಹೇಳಿರಲಿಲ್ಲ. ಡೆಟ್ರಾಯಿಟ್‌ನಲ್ಲಿ, ಮೇರಿ ತಾಯಿ ಕೂಸನ್ನು ಅಪ್ಪಿಕೊಂಡಿರುವ ಹಳೆಯ ಇಟಲಿಯ ಪುಟ್ಟ ಚಿತ್ರವೊಂದರ ಮುಂದೆ ಅಭ್ಯಾಸಬಲದಿಂದ ಚಪ್ಪಲಿ ಕಳಚಿ, ಜೋಡಿಸಿಟ್ಟು, ಕೈಮುಗಿದುಬಿಟ್ಟೆ. ಕಾವಲಿನಾತ ಚಪ್ಪಲಿಯನ್ನೂ ನನ್ನನ್ನೂ ನೋಡಿದ. ಮಗಳು ಸುಷ್ಮಾ ಸ್ಟ್ರೋಲರ್ ಹಿಡಿದು, ನನ್ನ ಪರಿಚಯವೇ ಇಲ್ಲದವಳಂತೆ ಪಕ್ಕದ ಚಿತ್ರ ನೋಡತೊಡಗಿದಳು.

ಕೈಮುಗಿದಾದ ಮೇಲೆ ತಪಾಸಣೆಗಿಳಿದೆ. ಅದು ನನ್ನ ಜಾಯಮಾನ. ಹಾಸ್ಟೆಲಿನಲ್ಲಿ ಗಂಟೆಯ ಸದ್ದಿಗೆ ಎದ್ದು ಬೆಳೆದವಳು, ಮುಂದೆ ಅಲ್ಲೇ ವಾರ್ಡನ್ ಆಗಿ ಗಂಟೆ ಹೊಡೆಸಿದವಳು. ದೇವರ ಮನೆಗೇ ಹೋದರೂ ಮಂಚದ ಕೆಳಗೆ ಕಸ ಇದೆಯೇ ಎಂದು ಬಗ್ಗಿ ನೋಡುವವಳು. ಕೂಸಿನ ಮೈಮೇಲೆ ಬಟ್ಟೆಯಿಲ್ಲ. ಕೂರಿಸಿರುವುದು ಕಲ್ಲುಕಟ್ಟೆಯ ಮೇಲೆ. ಕೆನ್ನೆಗೆ ದೃಷ್ಟಿಬೊಟ್ಟಿಲ್ಲ. ಹಿಂದಿನ ಕಿಟಕಿಯೋ ಪೂರ್ತಿ ತೆರೆದಿದೆ.

"ತಲೆಗೊಂದು ಕುಲಾವಿನಾದ್ರೂ ಹಾಕ್ಬಾರದಾ?" ಎಂದೆ.

"ಅಮ್ಮಾ, ಆಕೆಗೂ ಬಾಣಂತನ ಮಾಡಕ್ಕೆ ಹೋಗ್ಬೇಡ," ಎಂದಳು ಸುಷ್ಮಾ.

ಅವಳ ಬಾಣಂತನಕ್ಕೆಂದೇ ನಾನು ಮೈಸೂರಿನಿಂದ ಡೆಟ್ರಾಯಿಟ್ ಪಕ್ಕದ ಟ್ರಾಯ್‌ಗೆ ಬಂದದ್ದು. ಮೊಮ್ಮಗನ ಹಾಲು, ನಿದ್ದೆ, ಸ್ನಾನ, ಎಲ್ಲಕ್ಕೂ ಹೊತ್ತು ಗೊತ್ತುಮಾಡಿದೆ. ಸಾಂಬ್ರಾಣಿಗೂ ಮಾಡಿದ್ದೆ, ಸ್ಮೋಕ್ ಅಲಾರಾಂ ಬಡಿದುಕೊಂಡ ಮೇಲೆ ಅದೊಂದನ್ನು ಬಿಟ್ಟೆ. ಹೊತ್ತಲ್ಲದ ಹೊತ್ತಿನಲ್ಲಿ ಮಗುವನ್ನು ಎತ್ತಿಕೊಳ್ಳಕೂಡದು. ಆ ಚಟ ಹತ್ತಿದರೆ, ನಾನು ಊರಿಗೆ ಹೋದ ಮೇಲೆ ಡೇಕೇರಿನವರು ಎತ್ತಿಕೊಂಡೇ ಕೂರುತ್ತಾರೆಯೇ? ತರ್ಕದಲ್ಲಿ ಕೊರತೆಯಿರಲಿಲ್ಲ. ಸುಷ್ಮಾಳ ರಜೆ ಮುಗಿದಿತ್ತು, ಅಷ್ಟೆ. ಸೋಮವಾರದಿಂದ ಅವಳು ಆಬರ್ನ್ ಹಿಲ್ಸ್‌ನ ಆಫೀಸಿಗೆ ಹೋಗಬೇಕಿತ್ತು.

ಸ್ಟ್ರೋಲರಿನಲ್ಲಿ ಮಗು ಅಳತೊಡಗಿತು. ಹಾಲಿಗೆ ಇನ್ನೂ ಹೊತ್ತಿತ್ತು.

"ಎತ್ಕೋಬೇಡ. ತಾನೇ ಸುಮ್ಮನಾಗ್ತಾನೆ."

"ಸೋಮವಾರದಿಂದ ಎತ್ಕೋ ಅಂದ್ರೂ ನನ್ ಕೈಗೆ ಸಿಗಲ್ಲ ಇವ್ನು."

ದನಿಯಲ್ಲಿ ತಮಾಷೆ ಇರಲಿಲ್ಲ. ಚಿತ್ರದ ಪಕ್ಕದ ಫಲಕ ಓದುವಂತೆ ನಟಿಸಿದೆ, ನಟಿಸುತ್ತಾ ಓದಿಯೂಬಿಟ್ಟೆ. ಇಂಥ ಪುಟ್ಟ ಚಿತ್ರಗಳನ್ನು ಬರೆಸುತ್ತಿದ್ದುದು ಚರ್ಚಿಗಲ್ಲವಂತೆ, ಮನೆಗಂತೆ, ಎಷ್ಟೋ ಸಲ ಮಲಗುವ ಕೋಣೆಗಂತೆ. ಮಲಗುವ ಕೋಣೆಯಲ್ಲಿ ದೇವರ ಪಟ ನನ್ನ ಕಾನೂನಿನಲ್ಲಿಲ್ಲ. ಆದರೆ ಹೊತ್ತಲ್ಲದ ಹೊತ್ತಿನಲ್ಲಿ ಕೂಸು ಅತ್ತಾಗ, ಆ ಮನೆಯ ತಾಯಿ ತಲೆಯೆತ್ತಿ ನೋಡುತ್ತಿದ್ದುದು ಈ ಮುಖವನ್ನೇ ಇರಬೇಕು. ಮೇರಿಯ ಬೆರಳುಗಳು ಕೂಸಿನ ತೊಡೆಯಲ್ಲಿ ಮೆತ್ತಗೆ ಹುದುಗಿವೆ. ಕೂಸು ಅವಳ ಮುಸುಕು ಜಗ್ಗುತ್ತಿದೆ. ಗಂಟೆಯೆಷ್ಟೆಂಬುದು ಇಬ್ಬರಿಗೂ ಬೇಡವಾಗಿದೆ. ಚಿತ್ರದಲ್ಲಿ ಅಜ್ಜಿ ಇಲ್ಲ. ಇದ್ದಿದ್ದರೆ ಕೂಸು ಕುಲಾವಿ ತೊಟ್ಟು ತೊಟ್ಟಿಲಲ್ಲಿರುತ್ತಿತ್ತು. ಚಿತ್ರಕಾರ ಬರಿದಾದ ತೋಳುಗಳನ್ನು ಬರೆದು ಮನೆಗೆ ಹೋಗಬೇಕಾಗುತ್ತಿತ್ತು.

"ಎತ್ಕೋ," ಎಂದು ದೊಡ್ಡ ಮನಸ್ಸಿನಿಂದ ಅಪ್ಪಣೆ ಕೊಟ್ಟೆ. ತಿರುಗಿ ನೋಡಿದರೆ, ಅವಳು ಆಗಲೇ ಎತ್ತಿಕೊಂಡಾಗಿತ್ತು.

ಸೋಮವಾರ ಮಧ್ಯಾಹ್ನ ಆಫೀಸಿನಿಂದ ಫೋನ್ ಮಾಡಿದಳು.

"ಮಲಗಿದಾನಾ?"

"ಟೈಮಿಗೆ ಸರಿಯಾಗಿ. ತೊಟ್ಟಿಲಲ್ಲೇ."

"ಅಮ್ಮಾ, ಆ ರೂಮಲ್ಲಿ ಕ್ಯಾಮೆರಾ ಇದೆ. ಇಲ್ಲೇ ಫೋನಲ್ಲಿ ನೋಡ್ತಿದೀನಿ. ತೊಟ್ಟಿಲು ಖಾಲಿ."

ವಾರ್ಡನ್ನಾಗಿ ಎಷ್ಟೋ ಹುಡುಗಿಯರ ಖಾಲಿ ಮಂಚಗಳನ್ನು ಪತ್ತೆಹಚ್ಚಿದವಳು ನಾನು. ಈಗ ಸಿಕ್ಕಿಬಿದ್ದು ಅದೇ ರೂಮಿನ ಮೂಲೆಯ ಕುರ್ಚಿಯಲ್ಲಿ ಕೂತಿದ್ದೆ. ಎಡಗೈ ಜೋಮು ಹಿಡಿದಿತ್ತು. ಅದರ ಮೇಲೆ ಮೊಮ್ಮಗ ಬಾಯಿ ತೆರೆದು ಮಲಗಿದ್ದ.

ಗೋಡೆಯ ಕ್ಯಾಮೆರಾ ಗುರ್ ಎಂದು ನನ್ನತ್ತ ತಿರುಗಿತು. ತಿರುಗಿಸಿದ್ದು ಅವಳೇ, ಆಫೀಸಿನಿಂದ.

"ಅಲ್ಲಾಡ್ಬೇಡಮ್ಮಾ," ಎಂದಳು. "ಹಾಗೇ ಇರು. ಇನ್ನೊಂಚೂರು ನೋಡ್ತೀನಿ."

ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೆ. ಒಂದು ವಿಷಯದಲ್ಲಿ ಮಾತ್ರ ನಮ್ಮ ಚಿತ್ರ ಇಟಲಿಯವರದಕ್ಕಿಂತ ಮೇಲಿತ್ತು: ಮಗುವಿನ ತಲೆಗೆ ಕುಲಾವಿ ಇತ್ತು.