ನೊರೆ ಶಾರದಾಳ ಪಾಲು

...ಅಥವಾ ನಾನು ಹಾಗೆ ಅನ್ನಲೇ ಇಲ್ಲವೇನೋ. ಅಂದಿದ್ದೇನೆಂದು ಎರಡು ವರ್ಷದಿಂದ ನಂಬಿಕೊಂಡು ಬಂದಿದ್ದೇನೆ, ಅಷ್ಟೇ. ದಿನಾ ತಿಕ್ಕಿದರೆ ನೆನಪೂ ಪಾತ್ರೆಯ ಹಾಗೆ ಹೊಳೆಯತೊಡಗುತ್ತದೆ. ಹೊಳೆಯುವ ನೆನಪಿನ ಮೇಲೆ ನನಗೆ ಮೊದಲಿಂದಲೂ ಗುಮಾನಿ.

ನಡೆದದ್ದು (ನಡೆದಿದ್ದರೆ) ಇಷ್ಟು. ಆಂಧ್ರದ ಗಡಿಯ ರಾಯದುರ್ಗದ ನಮ್ಮ ಕನ್ನಡ ಮಾಧ್ಯಮ ಶಾಲೆಯ ಸ್ಟಾಫ್ ರೂಮು. ಹನ್ನೊಂದರ ಬಿಡುವು. ನನ್ನ ಫ್ಲಾಸ್ಕು, ಎರಡು ಸ್ಟೀಲ್ ಲೋಟ. ಒಂದು ನನಗೆ, ಇನ್ನೊಂದು ನನ್ನ ಪಕ್ಕದ ಕುರ್ಚಿಯ ಶಾರದಾಗೆ. ಒಂಬತ್ತು ವರ್ಷ ಹೀಗೇ ಕುಡಿದೆವು. ನಾನು ಎತ್ತಿ ಹೊಯ್ದು ನೊರೆ ಬರಿಸಬೇಕು. ನೊರೆಯಷ್ಟೂ ಅವಳ ಲೋಟಕ್ಕೆ ಹೋಗಬೇಕು. ಅವಳು ರೊಳ್ಳದ ಕಡೆಯವಳು. "ನೊರೆ ಇಲ್ದಿದ್ರೆ ಅದು ಟೀ ಅಲ್ಲ ಕಣಕ್ಕ, ಕಷಾಯ" ಎನ್ನುವಳು. ತುಟಿಯ ಮೇಲೆ ನೊರೆಯ ಗೆರೆ ಅಂಟಿಸಿಕೊಂಡೇ ಕ್ಲಾಸಿಗೆ ಹೋಗುವಳು.

ಒಂದು ದಿನ ತುಂಬಬೇಕಾದ ಕಾಗದಗಳ ರಾಶಿಯಲ್ಲಿ ನನ್ನ ತಲೆ ಕೆಟ್ಟಿತ್ತು. ಎತ್ತಿ ಹೊಯ್ಯಲಿಲ್ಲ. ಸುಮ್ಮನೆ ಬಗ್ಗಿಸಿ ಕೊಟ್ಟೆ.

"ನೊರೆ ಎಲ್ಲಿ ಅಕ್ಕ?" ಎಂದಳು.

"ನೊರೆ ಕುಡಿಯೋ ಮಂದಿ ತಲ್ಯಾಗೂ ಬರೇ ನೊರೀನ ಇರ್ತೈತಿ" ಎಂದೆ.

ಸ್ಟಾಫ್ ರೂಮಿಗೆ ರೂಮೇ ನಕ್ಕಿತು. ಅವಳೂ ನಕ್ಕಳು. ಅಥವಾ ನಗಲಿಲ್ಲ.

ಆ ಬೇಸಿಗೆಯ ವರ್ಗಾವಣೆ ಕೌನ್ಸೆಲಿಂಗಿನಲ್ಲಿ ಅವಳು ಮಡಕಶಿರಾ ಆರಿಸಿಕೊಂಡಳು. ರೊಳ್ಳಕ್ಕೆ ಹತ್ತಿರ, ಹೋಗದೆ ಇರ್ತಾಳಾ ಎಂದರು ಎಲ್ಲರೂ. ನಾನೂ ಅದನ್ನೇ ಎಂದೆ. ಮೊದಮೊದಲು ಫೋನು. ಆಮೇಲೆ ಹಬ್ಬಕ್ಕೊಂದು ಮೆಸೇಜು. ಆಮೇಲೆ ಅದೂ ಇಲ್ಲ. ನಾನೇ ಯಾಕೆ ಮಾಡಲಿಲ್ಲ? ಕ್ಷಮೆ ಕೇಳುವುದಕ್ಕೆ ತಪ್ಪು ನಡೆದದ್ದಾದರೂ ಖಚಿತವಾಗಬೇಡವೇ? (ಇದು ನೆಪ ಎಂದು ನನಗೂ ಗೊತ್ತು.) ಫ್ಲಾಸ್ಕು ಕಪಾಟು ಸೇರಿತು. ಒಬ್ಬಳಿಗೆ ಫ್ಲಾಸ್ಕು ಯಾಕೆ?

ಕಳೆದ ವಾರ ಮಡಕಶಿರಾದಿಂದ ತರಬೇತಿಗೆ ಬಂದ ಮೇಷ್ಟ್ರೊಬ್ಬರು ಪುಟ್ಟ ಡಬ್ಬಿಯೊಂದನ್ನು ಕೈಗಿಟ್ಟರು. "ಶಾರದಾ ಟೀಚರ್ ಕೊಟ್ಟು ಕಳಿಸಿದ್ರು." ಒಳಗೆ ಕಡು ಹಸಿರು ಪುಡಿ. ಮೇಲೆ ಅವಳ ದುಂಡು ಅಕ್ಷರದ ಚೀಟಿ: "ಮಾಚಾ ಟೀ, ಜಪಾನಿನದು. ಚೆನ್ನಾಗಿ ನೊರೆ ಬರಿಸಿ ಕುಡೀರಿ."

ನೊರೆ. ಇದು ರಾಜಿಯೋ, ಚುಚ್ಚಿದ್ದೋ?

ಪಕ್ಕದ ಮನೆಯ ಈರಮ್ಮ ಜೀನ್ಸ್ ಹೊಲಿಯಲು ಹೋಗುತ್ತಾಳೆ. ಡಬ್ಬಿ ಮೂಸಿ ನೋಡಿದಳು.

"ಗೋರಂಟಿ ಏನ್ರಿ ಟೀಚರ್? ಚಲೋ ಆತು, ತಲಿಗೆ ಹಚ್ಚಿಕೊಳ್ರಿ, ಬೆಳ್ಳಗಾಗೈತಿ."

"ಚಹಾ ಪುಡಿ ಈರಮ್ಮ."

"ಚಹಾ ಹಸರು ಇರ್ತೈತೇನ್ರಿ? ಯಾರೋ ನಿಮ್ಮನ್ನ ಯಾಮಾರಿಸ್ಯಾರ."

ಮೊದಲ ಸಲ ನಾನು ಮಾಡಿದ್ದು ನಮ್ಮವರೆಲ್ಲ ಮಾಡುವುದನ್ನೇ. ಹಾಲು, ಸಕ್ಕರೆ, ಜಜ್ಜಿದ ಶುಂಠಿ ಹಾಕಿ ಮೂರು ಕುದಿ ಕುದಿಸಿದೆ. ಪಾಚಿಗಟ್ಟಿದ ತೊಟ್ಟಿಯ ನೀರು ಸಿದ್ಧವಾಯಿತು. ಈರಮ್ಮ ಮರ್ಯಾದೆಗೆ ಒಂದು ಗುಟುಕು ಕುಡಿದಳು. ಎರಡನೆಯದಕ್ಕೆ ಮರ್ಯಾದೆ ಸಾಲಲಿಲ್ಲ.

ಎರಡನೇ ಸಲ ಕುದಿಯುವ ನೀರಿಗೇ ಪುಡಿ ಸುರಿದೆ. ಕಲಸಲು ಬಾರದವರ ಮುದ್ದೆಯ ಹಾಗೆ ಗಂಟು. ಎತ್ತಿ ಹೊಯ್ದೆ, ಹಳೇ ಅಭ್ಯಾಸ. ದೊಡ್ಡ ದೊಡ್ಡ ಗುಳ್ಳೆ ಎದ್ದವು. ಲೋಟ ಕೆಳಗಿಡುವಷ್ಟರಲ್ಲಿ ಒಡೆದವು.

ಮೂರನೇ ಸಲ ವಿಡಿಯೋ ನೋಡಿದೆ. ಪುಡಿಯನ್ನು ಜರಡಿ ಹಿಡಿಯಬೇಕು. ನೀರು ಕುದಿ ಇಳಿದಿರಬೇಕು. ಎರಡು ಚಮಚ ನೀರಲ್ಲಿ ಮೊದಲು ನುಣ್ಣಗೆ ಕಲಸಿ, ಆಮೇಲೆ ಉಳಿದ ನೀರು ಹಾಕಿ, ಬಿದಿರಿನ ಕುಂಚದಂಥದ್ದರಿಂದ ಬಡಿಯಬೇಕು. ಎಲ್ಲರೂ ಒಬ್ಬರಿಗಾಗುವಷ್ಟೇ ಮಾಡುತ್ತಾರೆ. ಒಂದು ಬಟ್ಟಲು, ಒಂದು ಚಮಚ. ಇಷ್ಟು ಒಂಟಿಯಾದ ಚಹಾ ನಾನು ನೋಡಿರಲಿಲ್ಲ.

ಬಿದಿರಿನ ಕುಂಚ ಎಲ್ಲಿಂದ ತರಲಿ? ಅಮ್ಮನ ಪುಟ್ಟ ಕಡಗೋಲು ಇತ್ತು. ತೊಂದರೆಯೆಂದರೆ ಕಡಗೋಲಿಗೆ ಎರಡೂ ಅಂಗೈ ಬೇಕು. ಚೊಂಬು ಹಿಡಿಯಲು ಇನ್ನೊಬ್ಬರು ಬೇಕು. ಚಿಕ್ಕಂದಿನಲ್ಲಿ ಆ ಇನ್ನೊಬ್ಬಳು ನಾನೇ ಆಗಿದ್ದೆ. ಈರಮ್ಮ ಕೆಲಸಕ್ಕೆ ಹೋಗಿದ್ದಳು. ನೆಲದ ಮೇಲೆ ಕೂತು, ಚೊಂಬನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು ಕಡೆದೆ. (ಕಾಲಲ್ಲಿ ಹಿಡಿದದ್ದನ್ನು ಕುಡಿಯುವುದೇ ಎನ್ನಬೇಡಿ. ಒಬ್ಬರೇ ಇರುವವರ ಅಡುಗೆಮನೆಯಲ್ಲಿ ಇಂಥವು ನಡೆಯುತ್ತವೆ.)

ನೊರೆ ಬಂತು. ಬಿಡಿ ಗುಳ್ಳೆಯೊಂದೂ ಕಾಣದಷ್ಟು ನುಣುಪಾದ, ದಪ್ಪನೆಯ ಎಳೆ ಹಸಿರು ನೊರೆ.

ಬಗ್ಗಿಸುವಾಗ ನೋಡಿದರೆ ನನ್ನ ಕೈ ಎರಡು ಲೋಟ ಇಟ್ಟಿತ್ತು. ನೊರೆಯೆಲ್ಲ ಇನ್ನೊಂದು ಲೋಟಕ್ಕೆ ಹೋಯಿತು. ತಳದ ಚಹಾ ನಾನು ಕುಡಿದೆ. ಕಹಿ, ಹುಲ್ಲಿನ ರುಚಿ, ಕೊನೆಯಲ್ಲಿ ಒಂದಿಷ್ಟು ಸಿಹಿ. ಆಮೇಲೆ ಶಾರದಾಗೆ ಫೋನ್ ಮಾಡಿದೆ.

"ಅಕ್ಕ. ಬಂತಾ ನೊರೆ?"

"ಬಂತು. ನಿನ್ನ ಲೋಟದಾಗ ಐತಿ."



"ಹಿಂದೂಪುರದ ಅಂಗಡೀಲಿ ಕಂಡೆ ಕಣಕ್ಕ. ಮನೇಲೂ ಮಾಡ್ದೆ. ಥೇಟ್ ಹಿಪ್ಪುನೇರಳೆ ಸೊಪ್ಪಿನ ವಾಸ್ನೆ. ನಮ್ಮನೆಯೋರು ಅಂತಾರೆ, ಇಷ್ಟ್ ದಿನ ರೇಷ್ಮೆ ಹುಳಕ್ಕೆ ಹಾಕ್ತಿದ್ದೆ, ಈಗ ನಂಗೂ ಹಾಕ್ತಿದ್ದೀಯಾ ಅಂತ."

ಇಬ್ಬರೂ ನಕ್ಕೆವು. ಆ ನಗು ಆರುವ ಮೊದಲೇ ಕೇಳಿಬಿಟ್ಟೆ.

"ಶಾರದಾ, ಸ್ಟಾಫ್ ರೂಮಿನಾಗ ಒಂದಿನ ನಾ ನಿನಗ ಏನರ ಅಂದಿದ್ದೆನೇನು? ನೊರೀ ವಿಷಯಕ್ಕ?"

"ಯಾವತ್ತು?"

"ನನಗೂ ಸರಿಯಾಗಿ ಗೊತ್ತಿಲ್ಲ. ಅದಕ್ಕ ಕೇಳಾಕತ್ತೀನಿ."

ಆ ಕಡೆ ಕುಕ್ಕರ್ ಕೂಗಿತು.

"ನೀವ್ ಏನಂದ್ರೋ ಗ್ಯಾಪ್ಕ ಇಲ್ಲ ಕಣಕ್ಕ" ಎಂದಳು. ಮತ್ತೆ ನಿಧಾನವಾಗಿ, "ಅವತ್ತು ಲೋಟದಲ್ಲಿ ನೊರೆ ಇರ್ಲಿಲ್ಲ. ಅದೊಂದ್ ಗ್ಯಾಪ್ಕ ಐತೆ."

"ಯಾವಾಗ ಬರ್ತಿ?"

"ನೋಡ್ತೀನಕ್ಕ. ಕುಕ್ಕರ್ ಇಳಿಸ್ಬೇಕು."

ಎರಡನೇ ಲೋಟ ಕಟ್ಟೆಯ ಮೇಲೇ ಇತ್ತು. ನೊರೆ ನಾನೆಣಿಸಿದ್ದಕ್ಕಿಂತ ಹೆಚ್ಚು ಹೊತ್ತು ನಿಂತಿತು. ನಾನು ಕುಡಿಯಲಿಲ್ಲ.

ಏನಂದೆನೆಂಬುದು ನೆನಪಿಲ್ಲದವಳಿಗೆ ಅವತ್ತು ನೊರೆ ಇರಲಿಲ್ಲ ಎಂಬುದು ಹೇಗೆ ನೆನಪಿದೆ? ಅವಳು ನಿಜವಾಗಿ ಮರೆತಿದ್ದಾಳೋ, ನನ್ನ ಸಲುವಾಗಿ ಮರೆತಳೋ, ನನಗೆ ಗೊತ್ತಿಲ್ಲ.