ನಳದ ಮುಂದೆ ಎರಡು ಪಾಳಿ

ಹುಬ್ಬಳ್ಳಿಯ ರೈಲು ಹಳಿಯ ಪಕ್ಕದ ನಮ್ಮ ಓಣಿಗೆ ವಾರಕ್ಕೊಮ್ಮೆ ನೀರು. ಬಿಪಿ, ಸಕ್ಕರೆ ತಪಾಸಣೆಯ ಶಿಬಿರವೂ ಹೆಚ್ಚಾಗಿ ಅದೇ ದಿನ, ಆಚೆ ಓಣಿಯ ಶಾಲೆಯಲ್ಲಿ. ನಾವು ಹೆಂಗಸರು ಕೊಡ ಇಟ್ಟು ಪಾಳಿ ಕಾಯುತ್ತಿದ್ದರೆ ಅಲ್ಲಿ ಕುರ್ಚಿಗಳು ಖಾಲಿ.

ಒಮ್ಮೆ ಶಿಬಿರಕ್ಕೆ ಬಂದಿದ್ದ ವಿದ್ಯಾನಗರದ ಡಾಕ್ಟರಮ್ಮ ಬೇಸತ್ತು, ಚೀಲ ಹಿಡಿದು ನಮ್ಮ ನಳದ ಮುಂದೆಯೇ ಹಾದು ಹೊರಟಿದ್ದರು. "ಈ ಮಂದಿಗೆ ಆರೋಗ್ಯದ ಕಾಳಜಿನೇ ಇಲ್ಲ ನೋಡ್ರಿ" ಎಂದು ನರ್ಸಮ್ಮನಿಗೆ ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಅಡ್ಡ ನಿಂತೆ.

"ನೀರ ಬಂದಾಗ ನಳ ಬಿಟ್ಟು ಯಾರ ಬರ್ತಾರ್ರಿ? ನಿಮ್ಮ ಮಷಿನ್ ಇಲ್ಲೇ ತಗೀರಿ!"

ಆ ತಾಯಿ ನನ್ನನ್ನೇ ನೋಡಿದರು. "ಖರೇ ಅದರಿ" ಎಂದು ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತೇಬಿಟ್ಟರು. ಕೊಡಗಳು ಪಾಳಿ ಕಾದವು, ನಾವು ತೋಳು ಚಾಚಿದೆವು. ಸದಾ ತಲೆಸುತ್ತು ಎನ್ನುತ್ತಿದ್ದ ಹಿಂದಿನ ಮನೆಯ ಕಾಕೂಗೆ ಬಿಪಿ ಇದ್ದದ್ದು ಗೊತ್ತಾಗಿ, ಅಲ್ಲೇ ಗುಳಿಗೆ ಸಿಕ್ಕಿತು.

ಮುಂದಿನ ಸಲ ಡಾಕ್ಟರು ಬರುವ ಮೊದಲೇ ಆ ಕಟ್ಟೆಯ ಮುಂದೆಯೂ ತಪಾಸಣೆಗೆಂದು ಖಾಲಿ ಕೊಡಗಳ ಪಾಳಿ ಹಚ್ಚಿದ್ದೆವು. ತಪಾಸಣೆ ಅರ್ಧಕ್ಕಿರುವಾಗಲೇ ನಳದ ನೀರು ಹೋಯಿತು. ಕಟ್ಟೆಯ ಮುಂದಿನ ಕೊಡವನ್ನು ಮಾತ್ರ ಒಬ್ಬಳೂ ಎತ್ತಲಿಲ್ಲ.